ಬರಲಿಲ್ಲ

ಮುನ್ನೂರಾ ಹನ್ನೆರಡು ಪುಟ. ಮೂರು ಸಲ ಓದಿದ್ದೇನೆ,
ಮೂರೂ ಸಲ ಕೂಲಿಗೆ.
ಗದಗಿನ ಮುದ್ರಣಾಲಯದಲ್ಲಿ ಕರಡು ತಿದ್ದುವವನು
ಅಳುವುದಕ್ಕೆ ಓದುವುದಿಲ್ಲ,
ಒತ್ತಕ್ಷರ ಬಿಟ್ಟಿದೆಯೋ ನೋಡುತ್ತಾನೆ.
ಚಂಪಾವತಿ ಬಾವಿಗೆ ಬಿದ್ದ ಪುಟದಲ್ಲಿ
ನನಗೆ ಸಿಕ್ಕಿದ್ದು ಎರಡು ಅಲ್ಪವಿರಾಮ,
ತಲೆಕೆಳಗಾದ ಒಂದು 'ನ'.

ಈಗ ಸುಲಭಾ ಹಬೀಬ ಎದುರಿಗೆ ಕೂತಿದ್ದಾಳೆ,
ಪುಣೆಯಲ್ಲಿ ಹನ್ನೊಂದು ವರ್ಷ ಬೆರಳ ತುದಿಯ ಮೇಲೆ ನಿಂತು
ಮೊಣಕಾಲು ಕೆಡಿಸಿಕೊಂಡು ಬೆಟಗೇರಿಗೆ ಮರಳಿದವಳು.
"ಕಾಕಾ, ಇದನ್ನ ನಲವತ್ತು ನಿಮಿಷಕ್ಕ ಇಳಸ್ರಿ.
ಮಾತು ಬ್ಯಾಡ, ಹಾಡು ಬ್ಯಾಡ. ಪಿಯಾನೊ ಅಷ್ಟ."

ಕೆಂಪು ಪೆನ್ಸಿಲು ಚೂಪು ಮಾಡಿದೆ.
ಮೊದಲ ದಿನವೇ ಹೋದರು ಸೋದರಮಾವ, ವಕೀಲ, ಮೂವರು ನೆರೆಯವರು,
ಎಂಟು ಪುಟದ ಸೂರ್ಯಾಸ್ತ.
ಬರೆದವರು ಬದುಕಿಲ್ಲ; ಇದ್ದಿದ್ದರೆ ಹೊಡೆಯುತ್ತಿದ್ದರು.
ಅತ್ತೆಯನ್ನು ಬಿಡಲು ಮನಸ್ಸಾಗದೆ
ಅವಳ ಕೆಮ್ಮನ್ನಷ್ಟೇ ಉಳಿಸಿದೆ,
ಎಡಗೈಯ ಕೆಳಸ್ವರಗಳಲ್ಲಿ, ಎರಡು ಸಲ.

ತೊಡಕು ಇದ್ದದ್ದು ಪುಟ ಇನ್ನೂರಾ ಆರರಲ್ಲಿ.
ಜಂಕ್ಷನ್ನಿನ ಎರಡನೇ ಪ್ಲಾಟ್‌ಫಾರ್ಮು. ಗುಂತಕಲ್ ಪ್ಯಾಸೆಂಜರು.
ಇಳಿಯುವವರೆಲ್ಲ ಇಳಿದಾದ ಮೇಲೆ
ಒಂದೇ ಶಬ್ದ ಬರೆದು ಪ್ಯಾರಾ ಮುಗಿಸಿದ್ದಾರೆ:
ಬರಲಿಲ್ಲ.

ಬರುವುದನ್ನು ಕುಣಿಯಬಹುದು.
ನಮ್ಮ ಬೈಂಡಿಂಗಿನ ಹುಡುಗ ಇಸ್ಮಾಯಿಲ್ ನದಾಫ ಬಂದನೆಂದರೆ
ಹಲಗೆಗೆ ಗೊತ್ತಾಗುತ್ತದೆ.
ಹೋಗುವುದನ್ನೂ ಕುಣಿಯಬಹುದು, ಬೆನ್ನೊಂದು ಸಾಕು.
ಬಾರದಿರುವುದನ್ನು?
ಕಾಲಿಗೆ ಭೂತಕಾಲ ಇಲ್ಲ, ನಿಷೇಧರೂಪ ಇಲ್ಲ,
'ಇಲ್ಲ' ಎಂಬುದೇ ಇಲ್ಲ.
ತಾರಾ ಬಾಕಳೆ ತಲೆ ಅಲ್ಲಾಡಿಸಿದಳು, ನಾಟಕವಾಯಿತು.
ಹುಬ್ಬಿಗೆ ಕೈ ಅಡ್ಡ ಹಿಡಿದಳು, ಬಿಸಿಲು ಅಂದುಕೊಂಡರು.
ಸುಮ್ಮನೆ ನಿಂತಳು.
ಮರೆತಳೇನೋ ಎಂದು ಹಿಂದಿನಿಂದ ಯಾರೋ
ಹೆಜ್ಜೆ ಹೇಳಿಕೊಟ್ಟರು.

ಮಿಷನ್ ಶಾಲೆಯ ಪಿಯಾನೊದ ಮೇಲೆ
ಹಾಜರಿ ಪುಸ್ತಕಗಳು, ಆಫ್ರಿಕಾ ಸವೆದುಹೋದ ಗ್ಲೋಬು.
ಅವನ್ನೆಲ್ಲ ಇಳಿಸಿ ನವೊಮಿ ಟೀಚರು ನುಡಿಸುತ್ತಾರೆ,
ವಯಸ್ಸು ಎಪ್ಪತ್ತಮೂರು, ಉಂಗುರ ತೆಗೆದಿಟ್ಟು.
ನಡುವಿನಿಂದ ಮೇಲಕ್ಕೆ ಒಂಬತ್ತನೆಯ ಬಿಳಿ ಮನೆ ಸತ್ತಿದೆ.
ಇಲಿಯೋ ಹುಳುವೋ ಒಳಗಿನ ಬಟ್ಟೆ ತಿಂದು
ಒತ್ತಿದರೆ ಬರೀ ಕಟ್ಟಿಗೆಯ ಸಪ್ಪಳ,
ಓಣಿಯ ಮಗ್ಗದಲ್ಲಿ ಲಾಳಿ ಖಾಲಿ ಓಡಿದ ಹಾಗೆ. ಟಕ್.

ಒಂದು ಸಂಜೆ ರಾಗ ನಾಲ್ಕು ಮೆಟ್ಟಿಲು ಹತ್ತಿತು.
ಐದನೆಯದಕ್ಕೆ ಬೆರಳು ಬಿದ್ದದ್ದು ಅಲ್ಲಿ. ಟಕ್.
ತಾರಾಳ ಕುತ್ತಿಗೆ ಆ ಸ್ವರ ಇರಬೇಕಾದ ಕಡೆಗೆ
ಒಂದು ಎಳೆಯಷ್ಟು ವಾಲಿತು.
ಸುಲಭಾ ಕುರ್ಚಿ ಕೆಡವಿ ಎದ್ದಳು:
"ಟೀಚರ್, ಅದ! ಅದನ್ನ ಇಡ್ರಿ!"
ನಲವತ್ತು ವರ್ಷದಲ್ಲಿ ಮೊದಲ ಸಲ
ತಪ್ಪಿನ ಪಕ್ಕ ನಾನು ಬರೆದೆ:
ಇದ್ದಂತೆ ಇರಲಿ.

ಪ್ರದರ್ಶನ ಶನಿವಾರ. ಶುಕ್ರವಾರ ರಾತ್ರಿ
ಕಮಿಟಿಯ ಹಿರಿಯರು, ಒಳ್ಳೆಯ ಮನುಷ್ಯರು,
ಯಾರಿಗೂ ಹೇಳದೆ ಹುಬ್ಬಳ್ಳಿಯಿಂದ ರಿಪೇರಿಯವನನ್ನು ಕರೆಸಿದರು.
ಸ್ವಂತ ದುಡ್ಡು. ರಸೀದಿಯನ್ನೂ ಕೇಳಲಿಲ್ಲ.

ನಾಲ್ಕು ಮೆಟ್ಟಿಲು.
ಐದನೆಯದು ನುಡಿಯಿತು,
ತಿಳಿಯಾಗಿ, ತಂಬಿಗೆಗೆ ಬಳೆ ತಾಗಿದಂತೆ.
ನವೊಮಿ ಟೀಚರ ಕೈ ಗಾಳಿಯಲ್ಲೇ ನಿಂತಿತು.
ತಾರಾ ತಿರುಗಿದಳು.
ನಾವು ಕೂಡಿಸಿದ್ದಲ್ಲ ಆ ತಿರುವು, ನನ್ನ ಪಟ್ಟಿಯಲ್ಲಿಲ್ಲ.
ಇಡೀ ಮೈ ಕಣ್ಣಾಗಿ ಸ್ವರ ಬಂದ ದಿಕ್ಕಿಗೆ.
ಮೂರನೇ ಸಾಲಿನಲ್ಲಿ ನೇಕಾರರ ಮನೆಯ ಮುದುಕಿ
ಪಕ್ಕದವಳ ಮಂಡಿ ಹಿಡಿದು ಕೇಳಿದಳು:
"ಬಂದ್ನೇನ ಯವ್ವಾ?"

ಪರದೆಯ ಮರೆಯಲ್ಲಿ ಇಸ್ಮಾಯಿಲ್,
ಹಿಂದಿನ ಪುಟದಲ್ಲೇ ಬಳ್ಳಾರಿಯಲ್ಲಿ ಕಾಲರಾದಿಂದ ಸತ್ತು
ಮುಖ ಒರೆಸಿಕೊಳ್ಳುತ್ತಿದ್ದವನು,
ಒಂದು ಕಾಲು ಬೆಳಕಿಗಿಟ್ಟು ನನ್ನತ್ತ ನೋಡಿದ.
ಪೆನ್ಸಿಲು ಕೈಯಲ್ಲೇ ಇತ್ತು. ನನ್ನ ತಲೆ ಅಲ್ಲಾಡಿತು.
ಹೂಂ ಎಂದೋ ಊಹೂಂ ಎಂದೋ,
ಇವತ್ತಿಗೂ ಚಹಾದಂಗಡಿಯಲ್ಲಿ
ಅವನಿಗೂ ನನಗೂ ಜಗಳ.